ಮುಕಾದಮ ಹಕ್ಕಿ

ನೀರಿನ ಟಾಕಿ ತೊಳೆಯುವವರಲ್ಲಿ ಒಂದು ರೂಢಿ ಇದೆ. ಒಳಗೆ ಇಳಿಯುವ ಮೊದಲು ಟಾಕಿಯ ಬಾಯಿಂದ ಒಂದು ನಿಂಬೆಹಣ್ಣು ಎಸೆಯುತ್ತಾರೆ. ಬಹಳ ದಿನ ಮುಚ್ಚಿಟ್ಟ ಟಾಕಿಯಲ್ಲಿ ಏನೋ ಒಂದು ಕೂತಿರುತ್ತದೆ, ಅದು ಹಣ್ಣು ತೆಗೆದುಕೊಂಡು ಮನುಷ್ಯನನ್ನು ಬಿಡುತ್ತದೆ ಎಂದು ನಂಬಿಕೆ. ನಾನು ಹನ್ನೊಂದು ವರ್ಷ ಆ ಕೆಲಸ ಮಾಡಿದೆ. ಒಮ್ಮೆಯೂ ಹಣ್ಣು ಎಸೆಯಲಿಲ್ಲ. ಬೇರೆಯವರು ಎಸೆದದ್ದನ್ನು ಎತ್ತಿ ತೊಳೆದು, ಮಧ್ಯಾಹ್ನ ಉಪ್ಪು ಹಾಕಿ ಶರಬತ್ತು ಮಾಡಿ ಕುಡಿದವನು ನಾನು. ದೆವ್ವ, ಗಾಳಿ, ಸತ್ತವರು ಬಂದು ಕರೆಯುವುದು ಎಂದೆಲ್ಲ ಯಾರಾದರೂ ಹೇಳಿದರೆ ಅವರ ಮುಖದ ಮುಂದೆಯೇ ನಗುತ್ತಿದ್ದೆ. ಇದನ್ನು ಮೊದಲೇ ಹೇಳುವುದು ಒಳ್ಳೆಯದು. ಮುಂದಿನದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಾನೂ ನಗುವವರ ಕಡೆಯವನೇ ಆಗಿದ್ದೆ.

ಇನ್ನೊಂದು ಮಾತು. ನಾನು ಓದಿದ್ದು ಐದನೆಯ ಇಯತ್ತೆಯ ತನಕ, ಇಲ್ಲಿನ ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ. ಚೆಂದ ಮಾಡಿ ಬರೆಯಲು ನನಗೆ ಬರುವುದಿಲ್ಲ. ಬಂದಿದ್ದರೂ ಇದನ್ನು ಚೆಂದ ಮಾಡಿ ಬರೆಯಬಾರದು ಎಂದು ನನಗೆ ಅನಿಸುತ್ತದೆ.

ನಮ್ಮದು ವಿಜಾಪುರ ಜಿಲ್ಲೆ. ಅಪ್ಪ ಕಟ್ಟಡದ ಕೆಲಸಕ್ಕೆಂದು ಬಂದು ಭಾಂಡುಪಿನ ಗುಡ್ಡದ ಮೇಲೆ ಒಂದು ಖೋಲಿ ಮಾಡಿದ. ನಾನು ಹತ್ತು ವರ್ಷದವನಿದ್ದಾಗ ಕಾಮಾಲೆಯಾಗಿ ತೀರಿಕೊಂಡ. ಆಮೇಲೆ ಅವ್ವ, ನಾನು, ನನಗಿಂತ ಎಂಟು ವರ್ಷ ಚಿಕ್ಕವನಾದ ತಮ್ಮ ಮಲ್ಲು, ಮೂವರೇ. ಅವ್ವ ಇಟ್ಟಿಗೆ ಹೊರಲು ಹೋಗುತ್ತಿದ್ದಳು. ನಾನು ಶಾಲೆ ಬಿಟ್ಟು ಮಲ್ಲುವನ್ನು ನೋಡಿಕೊಂಡು ಮನೆಯಲ್ಲಿರುತ್ತಿದ್ದೆ. ಅವನಿಗೆ ಉಣ್ಣಿಸಿದ್ದು, ಮಲಗಿಸಿದ್ದು, ಶಾಲೆಗೆ ಬಿಟ್ಟುಬಂದದ್ದು ಎಲ್ಲ ನಾನೇ. ದೊಡ್ಡವನಾದ ಮೇಲೆ ಟಾಕಿಯ ಕೆಲಸಕ್ಕೆ ಕರೆದುಕೊಂಡು ಹೋದದ್ದೂ ನಾನೇ.

ಕೆಲಸ ಏನೆಂದರೆ, ಫ್ಲ್ಯಾಟುಗಳ ಸೊಸೈಟಿಯ ಟಾಕಿ ಖಾಲಿ ಮಾಡಿ, ಕೆಸರು ಎತ್ತಿ, ಗೋಡೆ ಉಜ್ಜಿ, ಬೇಕಾದಲ್ಲಿ ನೀರು ಸೋರದಂತೆ ಒಳಗೆ ಬಣ್ಣ ಹಚ್ಚುವುದು. ಒಂದು ಟಾಕಿಗೆ ಇಬ್ಬರು. ಒಬ್ಬ ಒಳಗೆ, ಒಬ್ಬ ಬಾಯಿಯ ಹತ್ತಿರ. ಟಾಕಿಯೊಳಗಿಂದ ಕೂಗಿದರೆ ಮಾತು ಗೋಡೆಯಿಂದ ಗೋಡೆಗೆ ಬಡಿದು ಕಲಸಿಹೋಗುತ್ತದೆ, ಮೇಲಿನವನಿಗೆ ಬರೀ ಹೋ ಎಂದು ಕೇಳುತ್ತದೆ. ಅದಕ್ಕೆ ನಾವು ಮಾತಾಡುವುದಿಲ್ಲ, ಬಡಿಯುತ್ತೇವೆ. ಒಳಗಿನವನ ಕೈಯಲ್ಲಿ ಗೋಡೆ ಕೆರೆಯುವ ಕಬ್ಬಿಣದ ಪಟ್ಟಿ ಇರುತ್ತದೆ. ಅದರಿಂದ ಪೈಪಿಗೆ ಒಂದು ಸಲ ಬಡಿದರೆ ಬಕೆಟ್ ಎಳೆ ಎಂದು. ಎರಡು ಸಲ ಬಡಿದರೆ ನೀರು ಬಿಡು ಎಂದು. ಬಿಡದೆ ಬಡಿಯುತ್ತಲೇ ಇದ್ದರೆ ನನ್ನನ್ನು ಮೇಲೆ ತೆಗೆ ಎಂದು. ಮೇಲಿನವನು ಪ್ರತಿ ಸಲವೂ ಒಂದು ಏಟು ಹಾಕಿ ಉತ್ತರ ಕೊಡಬೇಕು. ಕೇಳಿಸಿತು ಎಂದು ಅದರ ಅರ್ಥ. ಉತ್ತರ ಬರುವ ತನಕ ಒಳಗಿನವನು ನಿಲ್ಲಿಸುವುದಿಲ್ಲ.

ಮಲ್ಲುವಿಗೆ ಈ ಕೆಲಸದಲ್ಲಿ ಇಷ್ಟವಾದದ್ದು ಒಂದೇ, ಮಾಳಿಗೆ. ಟಾಕಿ ತೊಳೆಯುವವನಿಗೆ ಈ ಊರಿನ ಎಲ್ಲ ಬಿಲ್ಡಿಂಗಿನ ಮಾಳಿಗೆಗಳೂ ತೆರೆಯುತ್ತವೆ. ಹನ್ನೆರಡನೆಯ ಮಜಲಿನ ಮೇಲೆ ನಿಂತರೆ ಹದ್ದು ನಮ್ಮ ಎದೆಯ ಮಟ್ಟದಲ್ಲಿ ಹಾರುತ್ತದೆ, ಅದರ ಬೆನ್ನು ಕಾಣುತ್ತದೆ. ಮೊಬೈಲ್ ಟವರಿನ ಮೇಲೆ ಅದು ಕಟ್ಟಿದ ಗೂಡಿನಲ್ಲಿ ತಂತಿ, ಚಿಂದಿ, ಯಾರದೋ ಕಾಲುಚೀಲ ಎಲ್ಲ ಇರುವುದನ್ನು ಅವನು ನನಗೆ ತೋರಿಸಿದ್ದ. ಊಟದ ಹೊತ್ತಿನಲ್ಲಿ ನಾನು ಮಲಗುತ್ತಿದ್ದೆ, ಅವನು ಮೋಟುಗೋಡೆಗೆ ಆತು ನಿಂತು ಕೆಳಗಿನ ಮರಗಳನ್ನು ನೋಡುತ್ತಿದ್ದ. ರವಿವಾರ ಬಂದರೆ ಸಮುದ್ರದ ನೀರು ಒಳಗೆ ಬರುವ ಖಾಡಿಯ ಕಡೆ ಹೋಗಿ ಕೆಸರಿನಲ್ಲಿ ನಿಂತ ಗುಲಾಬಿ ಬಣ್ಣದ ಉದ್ದ ಕಾಲಿನ ಹಕ್ಕಿಗಳನ್ನು ನೋಡಿಕೊಂಡು ಬರುತ್ತಿದ್ದ. ಅವ್ವ ಬೈಯುತ್ತಿದ್ದಳು. "ಹೆಣ್ಣ ನೋಡೂ ವಯಸ್ಸಿನ್ಯಾಗ ಹಕ್ಕಿ ನೋಡಾಕ ಹೊಂಟಾನ ನೋಡ ಇಂವಾ" ಎನ್ನುತ್ತಿದ್ದಳು.

ಒಂದು ಬೇಸಿಗೆ ಬಾಂದ್ರಾದ ಒಂದು ಮಾಳಿಗೆಯ ಮೇಲೆ ಕೆಲಸವಿತ್ತು. ಮಲ್ಲು ಟಾಕಿಯೊಳಗಿದ್ದ. ಟಕ್ ಟಕ್ ಟಕ್ ಎಂದು ಬಿಡದೆ ಬಡಿತ ಕೇಳಿತು. ನಾನು ಹೆದರಿ, ಉತ್ತರ ಕೊಡುವುದನ್ನೂ ಮರೆತು, ಮೊಣಕಾಲು ತರಚಿಕೊಂಡು ಒಳಗೆ ಜಿಗಿದೆ. ಅವನು ಆರಾಮಾಗಿ ಗೋಡೆ ಕೆರೆಯುತ್ತಿದ್ದ.

"ಯಾಕೋ ಅಣ್ಣಾ, ಜಳಕಾ ಮಾಡಾಕ ಬಂದೀ ಏನು?"

"ನೀ ಬಡಿಲಿಲ್ಲೇನಲೇ?"

"ನಾ ಎಲ್ಲಿ ಬಡದೆ? ಬಾ ಇಲ್ಲಿ, ತೋರಸ್ತೀನಿ."

ಮೇಲೆ ಬಂದು ತೋರಿಸಿದ. ಪಕ್ಕದ ಅರಳಿಮರದ ಒಣಕೊಂಬೆಯ ತುದಿಯಲ್ಲಿ ಗುಬ್ಬಿಗಿಂತ ತುಸು ದೊಡ್ಡದಾದ ಹಸಿರು ಹಕ್ಕಿ. ಹಣೆಗೆ ಕುಂಕುಮ ಹಚ್ಚಿದಷ್ಟು ಕೆಂಪು, ಗಂಟಲು ಹಳದಿ. ತಾಮ್ರದ ಕೊಡಕ್ಕೆ ಸುತ್ತಿಗೆಯಿಂದ ಬಡಿದಂತೆ ಅದರಿಂದಲೇ ಆ ಸದ್ದು ಬರುತ್ತಿತ್ತು. "ನೋಡು, ಬಾಯಿ ಮುಚ್ಚೇ ಐತಿ. ಗಂಟಲಾ ಅಷ್ಟ ಉಬ್ಬತೈತಿ. ತೆಲಿ ಆಕಡಿ ಈಕಡಿ ಹೊಳ್ಳಸ್ತೈತಲ್ಲ, ಅದಕ್ಕ ಸಪ್ಪಳಾ ಎಲ್ಲಿಂದ ಬರತೈತಿ ತಿಳ್ಯಾಂಗಿಲ್ಲ. ನಮ್ಮ ಮುಕಾದಮನಂಗ. ತಾ ಒಂದ ಕಡೆ ಕುಂತು ಎಲ್ಲಾ ಕಡೆ ಬೈತೈತಿ" ಎಂದ. ಮುಕಾದಮ ಎಂದರೆ ಕೂಲಿಯವರ ಮೇಲೆ ನಿಂತು ಕೆಲಸ ತೆಗೆಯುವವನು. ಅವತ್ತಿನಿಂದ ನಮ್ಮಿಬ್ಬರಲ್ಲಿ ಆ ಹಕ್ಕಿಗೆ ಅದೇ ಹೆಸರಾಯಿತು. ಮುಂದೆ ನಾನು ಆ ಸದ್ದಿಗೆ ಎದ್ದು ಓಡಲಿಲ್ಲ. ಹಕ್ಕಿ ಯಾವುದು ಬಡಿತ ಯಾವುದು ಎಂದು ನನಗೂ ತಿಳಿಯುತ್ತದೆ ಎಂಬ ಜಂಬ ಬಂದಿತ್ತು.

ಅದು ನಡೆದದ್ದು ಸಾಂತಾಕ್ರೂಜಿನ ಒಂದು ಹಳೆಯ ಸೊಸೈಟಿಯಲ್ಲಿ, ಮಾರ್ಚ್ ತಿಂಗಳಲ್ಲಿ. ಅಲ್ಲಿ ಟಾಕಿ ನೆಲದೊಳಗಿತ್ತು. ಮೂರು ದಿನದ ಕೆಲಸ, ಅವತ್ತು ಕೊನೆಯ ದಿನ, ಒಳಗೆ ಬಣ್ಣ ಹಚ್ಚುವುದಿತ್ತು. ಆ ಬಣ್ಣದ ವಾಸನೆ ತಲೆಗೇರುತ್ತದೆ, ಒಳಗೆ ಗಾಳಿ ಹಾಕುವ ಪಂಖಾ ಬೇಕು. ಕಂತ್ರಾಟದಾರ ಪಂಖಾ ಕಳಿಸುತ್ತೇನೆಂದ, ಬರಲಿಲ್ಲ. ಕಾಯೋಣ ಎಂದು ಮಲ್ಲು ಅಂದ. ಅರ್ಧ ತಾಸಿನ ಕೆಲಸ, ಮುಗಿಸಿ ಬಾ ಎಂದವನು ನಾನು. ಹಗ್ಗ ಹಸಿ ಬಣ್ಣಕ್ಕೆ ತಾಗುತ್ತದೆಂದು ಅವನ ಸೊಂಟದಿಂದ ಹಗ್ಗ ಬಿಚ್ಚಿದ್ದೂ ನಾನೇ.

ಅವನು ಇಳಿದ ಮೇಲೆ ನಾನು ಬಾಯಿಯ ಹತ್ತಿರ ಕೂರಬೇಕಾಗಿತ್ತು. ಬಿಸಿಲು ಸುಡುತ್ತಿತ್ತು. ಹದಿನೈದು ಹೆಜ್ಜೆ ಆಚೆ ವಾಚ್‌ಮನ್ನನ ಕ್ಯಾಬಿನ್, ಅದಕ್ಕೆ ನೆರಳು. ವಾಚ್‌ಮನ್ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ನಾನು ಅಲ್ಲಿ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಟಕ್ ಟಕ್ ಟಕ್ ಎಂದು ಸುರುವಾಯಿತು. ಕಂಪೌಂಡಿನಲ್ಲಿ ಒಂದು ದೊಡ್ಡ ಅತ್ತಿಮರವಿತ್ತು. ಅದರಲ್ಲಿ ಆ ಹಕ್ಕಿಯನ್ನು ಹಿಂದಿನ ದಿನವೇ ಮಲ್ಲು ನನಗೆ ತೋರಿಸಿದ್ದ. ನಾನು ತಲೆ ಎತ್ತಲಿಲ್ಲ.

ವಾಚ್‌ಮನ್ ಕೇಳಿದ. "ಯೇ ಕ್ಯಾ ಬಜ್ ರಹಾ ಹೈ?" ಇದೇನು ಬಡಿಯುತ್ತಿರುವುದು ಎಂದು.

"ಪಂಛೀ ಹೈ" ಎಂದೆ ನಾನು, ಹಕ್ಕಿ ಎಂದು. ಅಷ್ಟೇ ಹೇಳಿ ಸುಮ್ಮನಾಗಲಿಲ್ಲ. ಅದು ಬಾಯಿ ತೆರೆಯುವುದಿಲ್ಲ, ಗಂಟಲು ಉಬ್ಬಿಸುತ್ತದೆ, ತಲೆ ತಿರುಗಿಸುವುದರಿಂದ ಸದ್ದು ಎಲ್ಲಿಯದೆಂದು ತಿಳಿಯುವುದಿಲ್ಲ ಎಂದು ಮಾಸ್ತರನ ಹಾಗೆ ಅವನಿಗೆ ಎಲ್ಲ ತಿಳಿಸಿ ಹೇಳಿದೆ. ತಮ್ಮನಿಂದ ಕಲಿತದ್ದೆಂದು ಹೇಳಲಿಲ್ಲ. "ಕಮಾಲ್ ಹೈ, ಪಕ್ಷಿಯೋಂ ಕಾ ಡಾಕ್ಟರ್ ನಿಕ್ಲಾ ತೂ ತೋ" ಎಂದು ಅವನು ನನ್ನನ್ನು ಹಕ್ಕಿಗಳ ಡಾಕ್ಟರ್ ಮಾಡಿ ನಕ್ಕ. ನಾನೂ ನಕ್ಕೆ.

ಸದ್ದು ನಿಂತ ಮೇಲೆ ಎದ್ದು ಹೋಗಿ ಕರೆದೆ. ಉತ್ತರ ಬರಲಿಲ್ಲ. ಇಣುಕಿದಾಗ ಏಣಿಯ ಬುಡದಲ್ಲಿ ಅವನು ಗೋಡೆಗೆ ಆತು ಕೂತ ಹಾಗಿದ್ದ. ಕೈಯಲ್ಲಿ ಪಟ್ಟಿ ಇತ್ತು. ಆದರೆ ಪಟ್ಟಿ ಯಾವಾಗಲೂ ಅವನ ಕೈಯಲ್ಲೇ ಇರುತ್ತಿತ್ತು. ನಾನು ಇಳಿದೆ, ನನ್ನ ಕಣ್ಣಿಗೂ ಕತ್ತಲೆ ಬಂತು, ಯಾರೋ ಎಳೆದರು. ಅವನನ್ನು ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಪೊಲೀಸರು ಕೇಳಿದರು, ಅವನು ಕರೆಯಲಿಲ್ಲವೇ ಎಂದು. ನಾನು ಬಾಯಿಯ ಹತ್ತಿರವೇ ಇದ್ದೆ, ಏನೂ ಕೇಳಿಸಲಿಲ್ಲ ಎಂದೆ. ಅವ್ವನಿಗೂ ಅದನ್ನೇ ಹೇಳಿದೆ. ಆ ವಾಸನೆಗೆ ಮನುಷ್ಯನಿಗೆ ತಾನು ಹೋಗುವುದೇ ತಿಳಿಯುವುದಿಲ್ಲ ಎಂದು ಡಾಕ್ಟರರು ಅವಳಿಗೆ ಹೇಳಿದ್ದರು. ಈ ಎರಡು ಮಾತನ್ನು ಅವ್ವ ಗಟ್ಟಿಯಾಗಿ ಹಿಡಿದುಕೊಂಡಳು. ಮಾತಾಡಿಸಲು ಬಂದವರಿಗೆಲ್ಲ ಹೇಳುತ್ತಿದ್ದಳು. "ನನ ಕೂಸು ಯಾರನ್ನೂ ಕರೀಲಿಲ್ಲ. ನಿದ್ದಿ ಬಂದಂಗ ಹೋತು." ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ಆ ಮಾತಿನ ಮೇಲೆಯೇ ಅವಳು ಉಣ್ಣುತ್ತಿದ್ದಳು, ಮಲಗುತ್ತಿದ್ದಳು. ಅದನ್ನು ತೆಗೆದರೆ ಅವಳು ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಇಟ್ಟರೆ ನಾನು ಉಳಿಯುವುದಿಲ್ಲ ಎಂದೂ ಅನಿಸುತ್ತಿತ್ತು. ಆದರೆ ನಾನು ಉಳಿದೆ. ಟಾಕಿಯ ಕೆಲಸ ಬಿಟ್ಟೆ. ಭಾಂಡುಪಿನಲ್ಲಿಯೇ ಒಂದು ಬಿಲ್ಡಿಂಗಿನಲ್ಲಿ ಗಿಡಗಳಿಗೆ ನೀರು ಹಾಕುವ, ಅಂಗಳ ಗುಡಿಸುವ ಕೆಲಸ ಹಿಡಿದೆ. ಎರಡು ವರ್ಷ ಹೋಯಿತು. ಆ ಎರಡು ವರ್ಷದಲ್ಲಿ ಅತ್ತೆನೋ ಇಲ್ಲವೋ ನೆನಪಿಲ್ಲ.

ಸಾಂತಾಕ್ರೂಜಿನ ಆ ಸೊಸೈಟಿಯಲ್ಲಿ ಮೊದಲನೆಯ ಮಜಲಿನಲ್ಲಿ ಶಾರದಕ್ಕ ಎಂಬವರಿದ್ದರು. ಉಡುಪಿ ಕಡೆಯವರು, ವಯಸ್ಸಾದವರು. ಅವರ ಗಂಡ ಹಿಂದೆ ಸ್ಟೇಶನ್ನಿನ ಹತ್ತಿರ ಹೋಟೆಲು ನಡೆಸುತ್ತಿದ್ದರಂತೆ. ಗಂಡ ಹೋದ ಮೇಲೆ ಅವರು ಬಾಲ್ಕನಿಯಲ್ಲಿ ಕೂತು ಕಂಪೌಂಡಿಗೆ ಬರುವ ಹಕ್ಕಿಗಳನ್ನು ದಿನವೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಟಾಕಿ ಕೆಲಸದ ಆ ಮೂರು ದಿನಗಳಲ್ಲಿ ಮಲ್ಲುವಿಗೂ ಅವರಿಗೂ ಬಹಳ ಹೊಂದಿತು. ಇವನು ಕೆಳಗಿನಿಂದ ಕೂಗಿ ಹೇಳುವುದು, ಅವರು ಮೇಲಿನಿಂದ ಬರೆದುಕೊಳ್ಳುವುದು, ಚಹಾ ಕಳಿಸುವುದು. ಅವರು ಎರಡು ವರ್ಷದ ಮೇಲೆ ಒಂದು ದಿನ ನನಗೆ ಫೋನ್ ಮಾಡಿದರು.

"ನಾವೆಲ್ಲ ಖಾಲಿ ಮಾಡ್ತಾ ಇದ್ದೇವೆ, ಬಿಲ್ಡಿಂಗ್ ಒಡೀತಾರೆ. ನಿಮ್ಮ ತಮ್ಮ ಹೇಳಿ ನಾನು ಬರ್ಕೊಂಡ ಪುಸ್ತಕ ಉಂಟು. ರದ್ದಿಗೆ ಹಾಕ್ಲಿಕ್ಕೆ ಮನಸ್ಸಾಗುದಿಲ್ಲ. ಒಮ್ಮೆ ಬಂದು ತಗೊಂಡು ಹೋಗಿ."

ಹೋಗುವ ಮನಸ್ಸಿರಲಿಲ್ಲ. ಆದರೆ ಆ ಪುಸ್ತಕದಲ್ಲಿ ಅವತ್ತಿನ ದಿನವೂ ಇರುತ್ತದೆ ಎಂದು ಹೊಳೆಯಿತು. ಅವತ್ತು ಹಕ್ಕಿ ನಿಜವಾಗಿ ಬಂದಿತ್ತೋ ಇಲ್ಲವೋ ಎಂದು ತಿಳಿಯಬೇಕೆಂದು ಹೋದೆ.

ಜುಲೈ ತಿಂಗಳು. ನಾಲ್ಕು ದಿನ ಸುರಿದ ಮಳೆ ಅವತ್ತು ಬೆಳಿಗ್ಗೆ ನಿಂತಿತ್ತು. ನಾನು ಮುಟ್ಟಿದಾಗ ಹನ್ನೊಂದು ಗಂಟೆ ಆಗಿರಬೇಕು. ಬಿಲ್ಡಿಂಗಿನಲ್ಲಿ ಶಾರದಕ್ಕನ ಮನೆಯೊಂದನ್ನು ಬಿಟ್ಟರೆ ಎಲ್ಲ ಖಾಲಿ, ಕಿಟಕಿಗಳನ್ನೂ ಕಿತ್ತೊಯ್ದಿದ್ದರು. ಅತ್ತಿಮರವನ್ನು ಮಳೆಗೆ ಮುಂಚೆಯೇ ಕಡಿದಿದ್ದರು, ಮೋಟು ಮಾತ್ರ ಉಳಿದಿತ್ತು. ಟಾಕಿಯನ್ನು ಮಲ್ಲು ತೀರಿಕೊಂಡ ತಿಂಗಳೇ ಇಟ್ಟಿಗೆ ಚೂರು, ಮಣ್ಣು ತುಂಬಿ ಮೇಲೆ ಕಾಂಕ್ರೀಟು ಹಾಕಿ ಮುಚ್ಚಿದ್ದರಂತೆ. ಅದರ ಹಳೆಯ ಪೈಪು ಮಾತ್ರ ಪಂಪ್ ಖೋಲಿಯ ಗೋಡೆಗೆ ಅಂಟಿ ಸೊಂಟದ ಎತ್ತರಕ್ಕೆ ನಿಂತಿತ್ತು. ತುದಿಗೆ ಸಿಮೆಂಟು ಮೆತ್ತಿದ್ದರು.

ಶಾರದಕ್ಕ ಬಾಲ್ಕನಿಯಲ್ಲಿ ಕುರ್ಚಿ ಹಾಕಿದರು. ನಾನು ಅವತ್ತಿನ ತಾರೀಖು ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಹಾಳೆ ತಿರುವಿದರು. ಅವರ ಬರವಣಿಗೆಯ ಕ್ರಮ ಹೀಗೆ. ಹಕ್ಕಿಯನ್ನು ಕಣ್ಣಿಂದ ಕಂಡಿದ್ದರೆ ಹೆಸರಿನ ಮುಂದೆ ಒಂದು ಸೊನ್ನೆ. ಬರೀ ಸದ್ದು ಕೇಳಿದ್ದರೆ ಒಂದು ಗೀಟು. ಆ ದಿನದ ಮೊದಲ ಸಾಲು, ಬೆಳಿಗ್ಗೆ ಒಂಬತ್ತು, ಮಲ್ಲಪ್ಪ ಕಂಡದ್ದು, ವಾಚ್‌ಮನ್ ಕ್ಯಾಬಿನ್ನಿನ ಹಿಂದಿನ ವಯರಿಗೆ ಸೂರಕ್ಕಿಯ ಗೂಡು, ಮುಂದೆ ಸೊನ್ನೆ. ನಾನು ಆ ಕ್ಯಾಬಿನ್ನಿನ ನೆರಳಿನಲ್ಲೇ ಕೂತಿದ್ದೆ. ಗೂಡು ನನಗೆ ಕಂಡಿರಲಿಲ್ಲ. ಅದರ ಕೆಳಗಿನ ಸಾಲು, ಹನ್ನೊಂದು ಗಂಟೆ, ಕಂಚುಗಾರ ಹಕ್ಕಿ. ಮುಕಾದಮನಿಗೆ ಅವರು ಬರೆಯುತ್ತಿದ್ದ ಹೆಸರು ಅದು. ಮುಂದೆ ಗೀಟು.

"ಗೀಟು ಅಂದ್ರ ಕಂಡಿಲ್ಲ, ಹೌದಲ್ರೀ ಅಕ್ಕಾರ?" ಎಂದೆ.

"ಕಂಡಿಲ್ಲ. ಒಳಗೆ ಒಗ್ಗರಣೆ ಹಾಕ್ತಿದ್ದೆ ನಾನು. ಕೇಳಿತು, ಬಂದು ಬರೆದೆ." ಅಷ್ಟು ಹೇಳಿ ಅವರು ನನ್ನನ್ನೇ ನೋಡಿದರು. "ಎಂತಕ್ಕೆ ಕೇಳಿದ್ದು ನೀವು?"

ನಾನು ಆ ಗೀಟಿನ ಮೇಲೆ ಬೆರಳಿಟ್ಟೆ. ಅವರಿಗೆ ಅರ್ಥವಾಯಿತೆಂದು ಕಾಣುತ್ತದೆ. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕನ್ನಡಕ ತೆಗೆದರು.

ಆಗ ಸದ್ದು ಸುರುವಾಯಿತು. ಟಕ್ ಟಕ್ ಟಕ್ ಎಂದು, ಒಂದೇ ಸಮ.

"ಓ, ಬಂತು ಅಲ್ವಾ" ಎಂದು ಶಾರದಕ್ಕ ರೂಢಿಯ ಮೇಲೆ ಪೆನ್ನು ತೆಗೆದುಕೊಂಡರು. ಆಮೇಲೆ ಅವರ ಕೈ ನಿಂತಿತು. "ಮಳೆಗಾಲದಲ್ಲಿ ಇದು ಎಂತ ಕೂಗುದು? ಬೇಸಿಗೆ ಮುಗಿದ್ರೆ ಇದು ಬಾಯಿ ಬಿಡುದೇ ಇಲ್ಲ ಮಾರಾಯ್ರೇ" ಎಂದರು.

ನಾನು ಎದ್ದು ನೋಡಿದೆ. ಎದುರಿಗೆ ಮರವೇ ಇಲ್ಲ. ತಂತಿಯ ಮೇಲೆ ಒಂದು ಕಾಗೆ ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು. ಬೇರೆ ಹಕ್ಕಿ ಕಾಣಲಿಲ್ಲ. ಆದರೆ ಕಾಣದಿದ್ದರೆ ಇಲ್ಲ ಎಂದಲ್ಲ. ಆ ಹಕ್ಕಿಯ ಸದ್ದು ಎಲ್ಲಿಂದ ಬರುತ್ತದೆಂದು ತಿಳಿಯುವುದಿಲ್ಲ ಎಂದು ಆಗಲೇ ಬರೆದಿದ್ದೇನೆ. ನಾನು ಕೆಳಗೆ ಇಳಿದೆ. ಹೆದರಿಕೆ ಇರಲಿಲ್ಲ. ಏನೂ ಇರಲಿಲ್ಲ. ಮೆಟ್ಟಿಲ ಮೇಲೆ ಯಾರೋ ಬಿಟ್ಟುಹೋದ ತುಳಸಿಯ ಕುಂಡವಿತ್ತು, ಅದನ್ನು ದಾಟಿದ್ದು ನೆನಪಿದೆ.

ಗೇಟಿನಲ್ಲಿ ಹೊಸ ವಾಚ್‌ಮನ್ ಕಿವಿಗೆ ಹಾಡು ಕೇಳುವ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದ. ನಿನಗೇನಾದರೂ ಕೇಳುತ್ತಿದೆಯೇ ಎಂದು ಕೇಳಿದೆ. ಅವನು ಒಂದು ಕಿವಿಯದನ್ನು ತೆಗೆದು ಆಲಿಸಿದ.

"ಕೋಯಿ ಪೈಪ್ ಪೀಟ್ ರಹಾ ಹೈ" ಎಂದ. ಯಾರೋ ಪೈಪು ಬಡಿಯುತ್ತಿದ್ದಾರೆ ಎಂದು. ಹೇಳಿ ಮತ್ತೆ ಕಿವಿ ಮುಚ್ಚಿಕೊಂಡ.

ಪಕ್ಕದ ಜಾಗದಲ್ಲಿ ಕೆಲಸ ನಡೆಯುತ್ತಿದೆಯೇ ಎಂದು ಗೋಡೆಯ ಮೇಲಿನಿಂದ ನೋಡಿದೆ. ಯಾರೂ ಇರಲಿಲ್ಲ, ನೀರು ನಿಂತಿತ್ತು. ಪಂಪ್ ಖೋಲಿಗೆ ಬೀಗ, ಮೋಟರನ್ನು ಆಗಲೇ ಒಯ್ದಿದ್ದರು. ನಾನು ಆ ಪೈಪಿನ ಮೇಲೆ ಅಂಗೈ ಇಟ್ಟೆ. ಒಂದೊಂದು ಟಕ್ಕಿಗೂ ಅಂಗೈಗೆ ತಾಗುತ್ತಿತ್ತು. ಹನ್ನೊಂದು ವರ್ಷ ಪೈಪು ಹಿಡಿದ ಕೈ ಇದು. ಮೋಟರಿನ ನಡುಕ ಬೇರೆ, ನೀರು ಓಡುವ ನಡುಕ ಬೇರೆ, ಕೆಳಗಿನಿಂದ ಒಬ್ಬ ಬಡಿದರೆ ಬರುವುದು ಬೇರೆ. ಬೇರೆ ಬೇರೆ ಎಂದು ನಾನು ಅಂದುಕೊಂಡಿದ್ದೇನೆ. ಸದ್ದಿನ ವಿಷಯದಲ್ಲಿ ನನ್ನ ತಿಳುವಳಿಕೆ ಎಷ್ಟರದು ಎಂದು ನಿಮಗೆ ಈಗ ಗೊತ್ತಿದೆ. ಅದಕ್ಕೇ ಹೀಗೆಯೇ ಎಂದು ಆಣೆ ಮಾಡಿ ಹೇಳುವುದಿಲ್ಲ.

ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ಗೊತ್ತಿಲ್ಲ. ಅದು ನಿಲ್ಲಲಿಲ್ಲ. ನೆಲದಿಂದ ಒಂದು ಇಟ್ಟಿಗೆಯ ಚೂರು ಎತ್ತಿಕೊಂಡು ಪೈಪಿಗೆ ಒಂದು ಸಲ ಬಡಿದೆ.

ನಿಂತಿತು.

ಇಷ್ಟೇ ನಡೆದದ್ದು. ನಾನು ಮತ್ತೆ ಬಡಿಯಲಿಲ್ಲ. ಮಳೆ ಸಣ್ಣಗೆ ಹನಿಯಲು ಸುರುವಾಗುವ ತನಕ ಅಂಗೈ ಅಲ್ಲಿಯೇ ಇಟ್ಟುಕೊಂಡು ನಿಂತೆ. ಪೈಪು ಪೈಪಿನ ಹಾಗೆ ತಣ್ಣಗಿತ್ತು. ಮೇಲೆ ಬಂದಾಗ ಶಾರದಕ್ಕ ಪೆನ್ನು ಹಿಡಿದು ಅಲ್ಲಿಯೇ ಕೂತಿದ್ದರು. ಹಾಳೆಯಲ್ಲಿ ತಾರೀಖು ಬರೆದು, ಹೊತ್ತು ಬರೆದು, ಮುಂದೆ ಏನೂ ಬರೆದಿರಲಿಲ್ಲ.

"ಹಕ್ಕಿ ಕಂಡಿತಾ?"

"ಇಲ್ರೀ ಅಕ್ಕಾರ."

"ಮತ್ತೆ ಎಂತ ಬರೀಲಿ ನಾನು?" ಎಂದು ಕೇಳಿದರು. ಅವರು ಸಾಲನ್ನು ಹಾಗೆಯೇ ಬಿಟ್ಟು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. ದಾದರಿನಲ್ಲಿ ಲೋಕಲ್ ರೈಲು ಬದಲಿಸಿ ಭಾಂಡುಪಿಗೆ ಬರುವಾಗ ಅದನ್ನು ಓದಿದೆ. ಆ ಮೂರು ದಿನಗಳ ಹಾಳೆಗಳಲ್ಲಿ ಮಲ್ಲಪ್ಪ ಕಂಡದ್ದು, ಮಲ್ಲಪ್ಪ ಕಂಡದ್ದು ಎಂದು ಹತ್ತೊಂಬತ್ತು ಕಡೆ ಇತ್ತು. ಬಾಲ ಎತ್ತಿ ಓಡಾಡುವ ಒಂದು ಕಪ್ಪು ಬಿಳಿ ಹಕ್ಕಿಗೆ ಅವನು ಕೋರ್ಟಿನ ವಕೀಲ ಎಂದು ಹೆಸರಿಟ್ಟಿದ್ದನಂತೆ. ಶಾರದಕ್ಕ ಅದನ್ನೂ ಬರೆದಿದ್ದರು.

ಇಲ್ಲಿಯ ತನಕ ಬರೆದದ್ದರಲ್ಲಿ ಒಂದು ಮಾತು ಬಿಟ್ಟಿದ್ದೇನೆ. ಪೊಲೀಸರಿಗೂ ಶಾರದಕ್ಕನಿಗೂ ಹೇಳದ ಮಾತು. ಮುಕಾದಮ ಹಕ್ಕಿ ನಿಲ್ಲಿಸಿದರೆ ಒಮ್ಮೆಲೇ ನಿಲ್ಲಿಸುತ್ತದೆ. ಮಲ್ಲು ತೋರಿಸಿಕೊಟ್ಟ ಮೇಲೆ ನಾನು ನೂರಾರು ಸಲ ಕೇಳಿದ್ದೇನೆ, ಅದು ದಣಿದು ನಿಲ್ಲಿಸಿದ್ದನ್ನು ಕೇಳಿಲ್ಲ. ಅವತ್ತು ಕ್ಯಾಬಿನ್ನಿನ ನೆರಳಿನಲ್ಲಿ ಕೂತು ಕೇಳಿದ ಸದ್ದು ಕೊನೆಗೆ ನಿಧಾನವಾಯಿತು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಹೊತ್ತು ಹೆಚ್ಚಾಗುತ್ತ ಹೋಯಿತು. ಅದು ನನ್ನ ಗಮನಕ್ಕೆ ಬಂತು. ಬಂದರೂ ಓವರಿನಲ್ಲಿ ಇನ್ನು ಎರಡು ಚೆಂಡು ಉಳಿದಿತ್ತು. ಅದನ್ನು ನೋಡಿ ಎದ್ದೆ.

ಸಾಂತಾಕ್ರೂಜಿನಿಂದ ಬಂದ ದಿನವೇ ಇದನ್ನು ಅವ್ವನಿಗೆ ಹೇಳಿದೆ. ಹೇಳಬೇಕೆಂದು ತೀರ್ಮಾನ ಮಾಡಿ ಹೇಳಿದ್ದಲ್ಲ. ಅವಳು ಬಾಗಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಎದುರಿಗೆ ಕೂತು ಪಂಖಾದಿಂದ ಸುರು ಮಾಡಿ ಎಲ್ಲ ಹೇಳಿದೆ. ಹಗ್ಗ ಬಿಚ್ಚಿದ್ದು, ನೆರಳಿಗೆ ಹೋಗಿ ಕೂತದ್ದು, ವಾಚ್‌ಮನ್ನನಿಗೆ ಹಕ್ಕಿಯೆಂದು ಪಾಠ ಹೇಳಿದ್ದು, ಸದ್ದು ನಿಧಾನವಾದದ್ದು, ಎರಡು ಚೆಂಡು. ಆಮೇಲೆ ಅವತ್ತು ಬೆಳಿಗ್ಗೆ ಪೈಪಿನಲ್ಲಿ ಕೇಳಿದ್ದನ್ನೂ, ನಾನು ಬಡಿದದ್ದನ್ನೂ ಹೇಳಿದೆ. ಅವಳ ಬೆರಳು ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ.

ಒಂದು ಕಲ್ಲು ಆರಿಸಿ ಹೊರಗೆ ಎಸೆದು ಕೇಳಿದಳು. "ಎಷ್ಟೊತ್ತು ಬಡದಾ?"

"ಹತ್ತ ಮಿನಿಟ ಇದ್ದೀತವ್ವಾ."

"ಹಕ್ಕಿ ಅದು."

"ಅವ್ವಾ, ನಾ ಹೇಳಾಕತ್ತೀನಲ್ಲ..."

"ಹಕ್ಕಿ ಅನ್ನು." ಅವಳು ಮೊರ ಕೆಳಗಿಟ್ಟಳು. "ನಾ ಸಾಯೂತನಕಾ ಹಕ್ಕಿ ಅನ್ನು. ಆಮ್ಯಾಲ ನೀ ಏನ ಬೇಕಾದ್ದ ಅನ್ಕೋ."

"ಹಕ್ಕಿ" ಎಂದೆ.

ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಅವತ್ತು ನನಗೆ ಊಟಕ್ಕೆ ಬಡಿಸಿದಳು. ತಾನು ಉಣ್ಣಲಿಲ್ಲ.

ನಮ್ಮ ಖೋಲಿಯ ಹಿಂದೆ ಸರಕಾರದ ಕಾಡಿಗೆ ಕಟ್ಟಿದ ಗೋಡೆ ಇದೆ. ಅದರಾಚೆಯ ಮರಗಳಲ್ಲಿ ಫೆಬ್ರವರಿ ಹಿಡಿದು ಮೇ ತನಕ ಆ ಹಕ್ಕಿ ಕೂಗುತ್ತದೆ. ಅದು ಸುರುವಾದರೆ ಅವ್ವ ಕೈಯಲ್ಲಿನ ಕೆಲಸ ನಿಲ್ಲಿಸಿ ನನ್ನ ಕಡೆ ತಿರುಗುತ್ತಿದ್ದಳು. "ಏನದು?" ಎಂದು ಕೇಳುತ್ತಿದ್ದಳು. ನಾನು "ಹಕ್ಕಿ ಅವ್ವಾ" ಎನ್ನುತ್ತಿದ್ದೆ. ಅವಳು ತಲೆ ಆಡಿಸಿ ಕೆಲಸಕ್ಕೆ ತೊಡಗುತ್ತಿದ್ದಳು. ಒಂದು ದಿನದಲ್ಲಿ ಹತ್ತು ಸಲ ಕೂಗಿದರೆ ಹತ್ತು ಸಲ. ಅವಳು ನನ್ನನ್ನು ಶಿಕ್ಷಿಸುತ್ತಿದ್ದಳೋ ಕಾಪಾಡುತ್ತಿದ್ದಳೋ ನನಗೆ ತಿಳಿಯಲಿಲ್ಲ. ಮೂರು ಬೇಸಿಗೆ ಹೀಗೆ ನಡೆಯಿತು. ಹೋದ ದೀಪಾವಳಿಗೆ ಮುಂಚೆ ಅವಳೂ ತೀರಿಕೊಂಡಳು.

ಮುಚ್ಚಿದ ಟಾಕಿಯ ಪೈಪಿನಲ್ಲಿ ಅವತ್ತು ಬಡಿದದ್ದು ಏನೆಂದು ನಾನು ಬಹಳ ಯೋಚನೆ ಮಾಡಿದ್ದೇನೆ. ಹಕ್ಕಿಯೇ ಇರಬಹುದು. ಹತ್ತಿರದಲ್ಲಿ ಯಾರಾದರೂ ಬಡಿದರೆ ಕೂಗುವ ಹಕ್ಕಿ ಸುಮ್ಮನಾಗುವುದು ಆಶ್ಚರ್ಯವಲ್ಲ. ಮೂರು ಬಿಲ್ಡಿಂಗಿನ ಆಚೆ ಯಾರೋ ಕೊಳಾಯಿ ರಿಪೇರಿ ಮಾಡುತ್ತಿದ್ದು, ಅವರ ಕೆಲಸ ಆ ಹೊತ್ತಿಗೇ ಮುಗಿದಿರಬಹುದು. ನನಗೆ ಬೇಕಾಗಿದ್ದರಿಂದ ಅಂಗೈಗೆ ಹಾಗೆ ಅನಿಸಿರಬಹುದು. ಆದರೆ ಶಾರದಕ್ಕನಿಗೂ ಕೇಳಿತ್ತು, ವಾಚ್‌ಮನ್ನನಿಗೂ ಕೇಳಿತ್ತು. ನಾನು ಒಂದು ಏಟು ಹಾಕಿದ ಕೂಡಲೇ ನಿಂತಿತ್ತು. ಇದರ ಮುಂದೆ ನನ್ನ ಬುದ್ಧಿ ಹೋಗುವುದಿಲ್ಲ.

ಈ ವರ್ಷವೂ ಗೋಡೆಯಾಚೆ ಅದು ಕೂಗುತ್ತಿದೆ. ಇದನ್ನು ಬರೆಯುವಾಗಲೂ ಎರಡು ಸಲ ಕೂಗಿತು. ಏನದು ಎಂದು ಕೇಳುವವರು ಮನೆಯಲ್ಲಿ ಯಾರೂ ಇಲ್ಲ. ಅವ್ವ ಹೇಳಿದ ಹಾಗೆ ನಾನು ಈಗ ಏನು ಬೇಕಾದರೂ ಅನ್ನಬಹುದು. ಏನು ಅನ್ನಬೇಕೆಂದು ನನಗೆ ಗೊತ್ತಿಲ್ಲ.